ಒಂದೇ ಸಲ ಪೇಮೆಂಟ್ ತಗೊಂಡು ಹಾಡು ಬರೆದುಕೊಟ್ಟಿದ್ದೀನಿ, ಈಗ ರಾಯಲ್ಟಿ ಕೇಳೋಕಾಗುತ್ತಾ?

ಪ್ರಶ್ನೆ: ಸರ್, ನಾನು ದಾವಣಗೆರೆ ಕಡೆಯವನು, ಕೆಲಸದ ಜೊತೆ ಹಾಡು ಬರೀತೀನಿ. 2016ರಲ್ಲಿ ಒಂದು ಸಿನಿಮಾಗೆ ಎರಡು ಹಾಡು, 2019ರಲ್ಲಿ ಇನ್ನೊಂದಕ್ಕೆ ಒಂದು ಹಾಡು ಬರೆದೆ. ಹಾಡಿಗೆ ಹತ್ತು ಸಾವಿರ ಕೊಟ್ಟು, ಎಲ್ಲಾ ಹಕ್ಕು ಶಾಶ್ವತವಾಗಿ ನಿರ್ಮಾಪಕರಿಗೆ ಸೇರಿದ್ದು, ಮುಂದೆ ಯಾವ ರಾಯಲ್ಟಿನೂ ಕೇಳಲ್ಲ ಅಂತ ಸ್ಟ್ಯಾಂಪ್ ಪೇಪರ್ ಮೇಲೆ ಸೈನ್ ಹಾಕಿಸಿಕೊಂಡ್ರು. ಆಮೇಲೆ ಒಂದು ಭಕ್ತಿಗೀತೆ ಆಲ್ಬಂಗೆ ಬರೆದೆ, ಅದಕ್ಕೆ ಕಾಗದ ಪತ್ರ ಏನೂ ಇಲ್ಲ. ಈಗ ಸಿನಿಮಾದ ಒಂದು ಹಾಡು ರೀಲ್ಸಲ್ಲಿ ಚೆನ್ನಾಗಿ ಓಡ್ತಿದೆ, ಆದ್ರೆ ಮ್ಯೂಸಿಕ್ ಆಪ್‌ಗಳಲ್ಲಿ ನನ್ನ ಹೆಸರೇ ಇಲ್ಲ. ನಾನೇ ಹಾಡಿ ಯೂಟ್ಯೂಬಿಗೆ ಹಾಕಿದ್ರೆ ಕಾಪಿರೈಟ್ ಕ್ಲೈಮ್ ಬಂತು. ನನಗೇನಾದ್ರೂ ಬರುತ್ತಾ? ಮುಂದೆ ಸೈನ್ ಮಾಡೋವಾಗ ಏನು ನೋಡ್ಕೋಬೇಕು? ಎಐ ಬಗ್ಗೆನೂ ಭಯ ಇದೆ.

ಉತ್ತರ: ಬರುತ್ತೆ. ಬರಬೇಕು. "ಮುಂದೆ ಯಾವ ರಾಯಲ್ಟಿನೂ ಕೇಳಲ್ಲ" ಅಂತ ನೀವು ಸೈನ್ ಮಾಡಿದ ಸಾಲಿದ್ಯಲ್ಲ, ಅದಕ್ಕೆ ಕಾನೂನಿನ ಕಣ್ಣಲ್ಲಿ ಬೆಲೆ ಇಲ್ಲ. ನೀವು ಖುಷಿಯಿಂದಲೇ ಬರೆದುಕೊಟ್ಟಿದ್ರೂ ಇಲ್ಲ. ಹಾಗಂತ ನಾಳೆ ಬೆಳಿಗ್ಗೆ ಅಕೌಂಟಿಗೆ ಲಕ್ಷ ಬೀಳುತ್ತೆ ಅಂತ ಅಂದ್ಕೋಬೇಡಿ, ಯಾಕಂದ್ರೆ ಕಾನೂನು ಕೊಟ್ಟಿರೋ ಪಾಲು ತಾನಾಗೇ ಮನೆ ಬಾಗಿಲಿಗೆ ಬರಲ್ಲ, ಅದನ್ನ ವಸೂಲಿ ಮಾಡೋ ಜಾಗದಲ್ಲಿ ನಿಮ್ಮ ಹೆಸರು ಸರಿಯಾಗಿ ಕೂತಿರಬೇಕು. ನನ್ನ ಹತ್ರ ಬರೋ ಸಾಹಿತಿಗಳಲ್ಲಿ ಹೆಚ್ಚಿನವರು ಸೋತಿರೋದು ಕೋರ್ಟಲ್ಲಿ ಅಲ್ಲ, ಈ ಹೆಸರಿನ ವಿಷಯದಲ್ಲೇ.

ಮೊದಲು ಒಂದು ಹಾಡಲ್ಲಿ ಎಷ್ಟು ಆಸ್ತಿ ಇದೆ ಅಂತ ತಿಳ್ಕೊಳಿ. ನೀವು ಬರೆದ ಪಲ್ಲವಿ ಚರಣ, ಅಂದ್ರೆ ಸಾಹಿತ್ಯ, ಅದೊಂದು ಕೃತಿ, ಕಥೆ ಕವಿತೆಗೆ ಇರೋ ಸ್ಥಾನವೇ ಅದಕ್ಕೂ ಇದೆ. ಟ್ಯೂನ್ ಇನ್ನೊಂದು ಕೃತಿ, ಅದು ಸಂಗೀತ ನಿರ್ದೇಶಕರದ್ದು. ಸ್ಟುಡಿಯೋದಲ್ಲಿ ಹಾಡಿಸಿ ಮಿಕ್ಸ್ ಮಾಡಿ ರೆಡಿ ಮಾಡಿದ ಆಡಿಯೋ ಮೂರನೇದು, ಅದರ ಒಡೆಯ ದುಡ್ಡು ಹಾಕಿದ ನಿರ್ಮಾಪಕ ಅಥವಾ ಅವರಿಂದ ಆಡಿಯೋ ರೈಟ್ಸ್ ತಗೊಂಡ ಕಂಪನಿ. ಹಾಡು ಎಲ್ಲೇ ಓಡಲಿ ಈ ಮೂರೂ ಒಟ್ಟಿಗೇ ಓಡುತ್ತೆ, ಆದ್ರೆ ದುಡ್ಡು ಬೇರೆ ಬೇರೆ ದಾರೀಲಿ ಹೋಗುತ್ತೆ. ಕಾಪಿರೈಟ್ ಗಲಾಟೆ ಅಂತ ಪೇಪರಲ್ಲಿ ಬರೋದು ಹೆಚ್ಚಾಗಿ ಮೂರನೇದರ ಬಗ್ಗೆ. 2022ರ ನವೆಂಬರಲ್ಲಿ, ತನ್ನ ಹಾಡನ್ನ ಕೇಳದೆ ಬಳಸಿದ್ರು ಅಂತ ಎಂಆರ್‌ಟಿ ಮ್ಯೂಸಿಕ್ ಅನ್ನೋ ಆಡಿಯೋ ಕಂಪನಿ ಕೊಟ್ಟ ದೂರಿನ ಮೇಲೆ ಬೆಂಗಳೂರಿನ ಕೋರ್ಟು ಕಾಂಗ್ರೆಸ್ಸಿನ ಟ್ವಿಟರ್ ಖಾತೆ ತಡೀರಿ ಅಂತ ಆದೇಶ ಮಾಡಿತ್ತಲ್ಲ, ಮಾರನೇ ದಿನವೇ ಹೈಕೋರ್ಟು ಷರತ್ತು ಹಾಕಿ ಅದನ್ನ ತೆಗೀತು, ಅಂಥ ಸುದ್ದೀಲೆಲ್ಲಾ ಕೇಳಿಸೋದು ಲೇಬಲ್, ಅಂದ್ರೆ ಆಡಿಯೋ ಕಂಪನಿ ಹೆಸರೇ. ಅದನ್ನ ಓದಿ ಓದಿ ನಮ್ಮ ಸಾಹಿತಿಗಳಿಗೂ ಕಾಪಿರೈಟ್ ಅಂದ್ರೆ ಕಂಪನಿಯವರದ್ದು, ನಮ್ಮದೇನಿದ್ರೂ ಪೇಮೆಂಟ್ ಅನ್ನೋ ಭಾವನೆ ಬಂದುಬಿಟ್ಟಿದೆ.

ಈ ಭಾವನೆಗೆ ಹಿನ್ನೆಲೆನೂ ಇದೆ ಅನ್ನಿ. 1977ರಲ್ಲಿ ಸುಪ್ರೀಂ ಕೋರ್ಟು ಒಂದು ತೀರ್ಪು ಕೊಡ್ತು, ನಿರ್ಮಾಪಕ ದುಡ್ಡು ಕೊಟ್ಟು ಸಿನಿಮಾಗೆ ಹಾಡು ಬರೆಸಿದ್ರೆ, ಬೇರೆ ಒಪ್ಪಂದ ಇಲ್ಲ ಅಂದ್ರೆ ಅದರ ಒಡೆಯ ನಿರ್ಮಾಪಕನೇ ಅಂತ. ಮೂವತ್ತೈದು ವರ್ಷ ಇಂಡಸ್ಟ್ರಿ ನಡೆದಿದ್ದು ಅದರ ಮೇಲೆನೇ. ಆಮೇಲೆ 2012ರಲ್ಲಿ ಕಾಪಿರೈಟ್ ಕಾಯ್ದೆಗೆ ದೊಡ್ಡ ತಿದ್ದುಪಡಿ ಆಯ್ತು, ಹಿಂದಿ ಸಿನಿಮಾ ಸಾಹಿತಿ ಜಾವೇದ್ ಅಖ್ತರ್ ಆಗ ರಾಜ್ಯಸಭೆಯಲ್ಲಿದ್ರು, ಸಾಹಿತಿಗಳ ಪರವಾಗಿ ಅಲ್ಲೇ ನಿಂತು ಮಾತಾಡಿದ್ರು, ಆ ವರ್ಷ ಜೂನ್ 21ರಿಂದ ಅದು ಜಾರಿಗೆ ಬಂತು. ನಿಮ್ಮ ಎರಡೂ ಸಿನಿಮಾ ಇದಾದ ಮೇಲಿನದ್ದು, ಅದು ನಿಮ್ಮ ಅದೃಷ್ಟ. 2012ಕ್ಕೆ ಮೊದಲಿನ ಕಾಂಟ್ರಾಕ್ಟ್ ಆಗಿದ್ರೆ ಈ ತಿದ್ದುಪಡಿ ಅದಕ್ಕೆ ಎಷ್ಟರಮಟ್ಟಿಗೆ ಅನ್ವಯ ಆಗುತ್ತೆ ಅಂತ ವಾದ ಮಾಡ್ತಾ ಕೂರಬೇಕಿತ್ತು.

ತಿದ್ದುಪಡಿ ಹೇಳೋದು ಇಷ್ಟು: ಸಿನಿಮಾ ಹಾಡಿನ ಸಾಹಿತಿ ತನ್ನ ಕಾಪಿರೈಟನ್ನ ಬೇಕಾದ್ರೆ ಬರೆದುಕೊಡಬಹುದು, ಆದ್ರೆ ಥಿಯೇಟರಲ್ಲಿ ಸಿನಿಮಾ ಜೊತೆ ಓಡೋದೊಂದು ಬಿಟ್ಟು ಬೇರೆ ಎಲ್ಲಿ ಹಾಡು ಬಳಕೆಯಾದ್ರೂ ಬರೋ ರಾಯಲ್ಟೀಲಿ ತನ್ನ ಸಮಪಾಲನ್ನ ಮಾರೋ ಹಾಗಿಲ್ಲ, ಬಿಟ್ಟುಕೊಡೋ ಹಾಗೂ ಇಲ್ಲ. ವಾರಸುದಾರರಿಗೆ ಕೊಡಬಹುದು, ಸದಸ್ಯರ ಪರವಾಗಿ ರಾಯಲ್ಟಿ ವಸೂಲಿ ಮಾಡೋ ಕಾಪಿರೈಟ್ ಸೊಸೈಟಿಗೆ ಕೊಡಬಹುದು, ಬೇರೆ ಯಾರಿಗೆ ಬರೆದುಕೊಟ್ರೂ ಆ ಒಪ್ಪಂದ ಅಸಿಂಧು. ಟೀವಿ, ರೇಡಿಯೋ, ಓಟಿಟಿ, ಸ್ಟ್ರೀಮಿಂಗ್ ಆಪ್, ರೀಲ್ಸ್, ಹೋಟೆಲ್ಲು, ಕಾಲರ್ ಟ್ಯೂನ್ ಎಲ್ಲಾ ಇದರೊಳಗೆ ಬರುತ್ತೆ. ಸಿನಿಮಾ ಅಲ್ಲದ ಆಲ್ಬಂ ಹಾಡಿಗೂ ಇಂಥದ್ದೇ ರಕ್ಷಣೆ ಇದೆ. ಕಾಯ್ದೆಯ 18ನೇ ಸೆಕ್ಷನ್, ನಂಬರ್ ನೆನಪಿಟ್ಕೊಳಿ, ಮಾತುಕತೆಗೆ ಕೂತಾಗ ಬೇಕಾಗುತ್ತೆ. ಅದೇ ಸೆಕ್ಷನಲ್ಲಿ ಇನ್ನೊಂದು ಮಾತೂ ಇದೆ: ಬರೆದುಕೊಟ್ಟ ದಿನ ಯಾವ ಮಾಧ್ಯಮ ಇರಲೇ ಇಲ್ವೋ, ಅಥವಾ ಇದ್ದೂ ವ್ಯಾಪಾರಕ್ಕೆ ಬಂದಿರಲಿಲ್ವೋ, ಅದರ ಹೆಸರನ್ನ ಒಪ್ಪಂದದಲ್ಲಿ ಸ್ಪಷ್ಟವಾಗಿ ಹಾಕಿರದಿದ್ರೆ ಆ ಮಾಧ್ಯಮದ ಹಕ್ಕು ಅವರಿಗೆ ಹೋಗಲ್ಲ.

ಸಮಪಾಲು ಅಂದ್ರೆ ರೂಢಿಯಲ್ಲಿ ಹೇಗೆ ನಡೆಯುತ್ತೆ ಅಂದ್ರೆ, ಸಾಹಿತ್ಯ ಮತ್ತು ಟ್ಯೂನ್ ಲೆಕ್ಕಕ್ಕೆ ಬಂದ ನೂರು ರೂಪಾಯಲ್ಲಿ ಐವತ್ತು ಹಕ್ಕು ಇಟ್ಕೊಂಡಿರೋ ಕಂಪನಿಗೆ, ಇಪ್ಪತ್ತೈದು ಸಂಗೀತ ನಿರ್ದೇಶಕರಿಗೆ, ಇಪ್ಪತ್ತೈದು ಸಾಹಿತಿಗೆ. ಸಾಹಿತಿಗಳು ಇಬ್ಬರಿದ್ರೆ ಆ ಇಪ್ಪತ್ತೈದರಲ್ಲೇ ಹಂಚಿಕೆ. ಗಮನ ಇರಲಿ, ಇದು ಆಪ್‌ನವರು ಹಾಡಿಗೆ ಕೊಡೋ ಪೂರ್ತಿ ದುಡ್ಡಲ್ಲ, ಅದರಲ್ಲಿ ದೊಡ್ಡ ಭಾಗ ರೆಕಾರ್ಡಿಂಗ್ ಲೆಕ್ಕದಲ್ಲಿ ಲೇಬಲ್ಲಿಗೇ ಹೋಗುತ್ತೆ. ಅದಕ್ಕೇ ಹೇಳಿದ್ದು ಲಕ್ಷದ ಆಸೆ ಬೇಡ ಅಂತ. ಆದ್ರೆ ಹಾಡು ನಿಂತ್ರೆ ಈ ಸಣ್ಣ ದುಡ್ಡು ನಿಮ್ಮ ಜೀವಮಾನವಿಡೀ ಬರುತ್ತೆ, ನೀವು ಹೋದ ಮೇಲೆ ಇನ್ನೂ ಅರವತ್ತು ವರ್ಷ ಮಕ್ಕಳು ಮೊಮ್ಮಕ್ಕಳಿಗೆ ಬರುತ್ತೆ.

ಆ ಸ್ಟ್ಯಾಂಪ್ ಪೇಪರಿಂದ ನೀವು ಕಳ್ಕೊಂಡಿರೋದೂ ಇದೆ, ಅದನ್ನ ಮುಚ್ಚಿಡಲ್ಲ. ರಾಯಲ್ಟಿ ಪಾಲು ಉಳೀತು, ಆದ್ರೆ ಹಾಡನ್ನ ಯಾರಿಗೆ ಕೊಡ್ಬೇಕು, ಯಾವ ಜಾಹೀರಾತಿಗೆ ಬಿಡ್ಬೇಕು ಅನ್ನೋ ತೀರ್ಮಾನ ಈಗ ಅವರದ್ದು. ಅದೇ ಸಾಹಿತ್ಯಾನ ನೀವು ಇನ್ನೊಬ್ಬ ಸಂಗೀತ ನಿರ್ದೇಶಕರಿಗೆ ಕೊಡೋಕಾಗಲ್ಲ.

ಭಕ್ತಿಗೀತೆ ಆಲ್ಬಂ ಕಥೆ ಬೇರೆ, ಕಾಗದ ಇಲ್ಲ ಅಂತ ನೀವು ಬೇಜಾರು ಮಾಡ್ಕೊಂಡಿದ್ದೀರಿ, ನಾನು ಹೇಳೋದು ಅಲ್ಲೇ ನಿಮ್ಮ ಕೈ ಮೇಲು ಅಂತ. ಕಾಪಿರೈಟ್ ವರ್ಗಾವಣೆ ಆಗ್ಬೇಕು ಅಂದ್ರೆ ಬರವಣಿಗೇಲಿ ಇರಲೇಬೇಕು, ಬರೆದವರ ಸೈನ್ ಇರಲೇಬೇಕು, ಯಾವ ಕೃತಿ ಯಾವ ಹಕ್ಕು ಅಂತ ಅದರಲ್ಲಿ ಹೇಳಿರಬೇಕು. ಎಷ್ಟು ವರ್ಷಕ್ಕೆ ಅಂತ ಬರೆದಿಲ್ಲ ಅಂದ್ರೆ ಐದೇ ವರ್ಷ, ಯಾವ ಜಾಗಕ್ಕೆ ಅಂತ ಬರೆದಿಲ್ಲ ಅಂದ್ರೆ ಭಾರತಕ್ಕೆ ಮಾತ್ರ. ಹಕ್ಕು ತಗೊಂಡವರು ಒಂದು ವರ್ಷದೊಳಗೆ ಅದನ್ನ ಬಳಸದಿದ್ರೆ, ಒಪ್ಪಂದದಲ್ಲಿ ಬೇರೆ ರೀತಿ ಬರೆದಿಲ್ಲ ಅಂದ್ರೆ, ಆ ಹಕ್ಕೂ ಬಿದ್ದುಹೋಗುತ್ತೆ. ಬಾಯಿಮಾತಲ್ಲಿ ಶಾಶ್ವತ ಅಂತ ಏನೂ ಇಲ್ಲ. ನೀವು ಮಾಡಬೇಕಾದ್ದು ಅವರಿಗೆ ಆಗ ಕಳಿಸಿದ ವಾಟ್ಸಾಪ್ ಮೆಸೇಜು, ಟ್ಯೂನ್ ಬಂದ ಆಡಿಯೋ ಫೈಲು, ನಿಮ್ಮ ಡ್ರಾಫ್ಟು, ದುಡ್ಡು ಬಂದ ಬ್ಯಾಂಕ್ ಎಂಟ್ರಿ ಎಲ್ಲಾ ಒಂದು ಕಡೆ ತೆಗೆದಿಡೋದು. ಫೋನ್ ಬದಲಾಯಿಸೋವಾಗ ಇದನ್ನೆಲ್ಲಾ ಕಳ್ಕೊಂಡು ಬರೋರೇ ಜಾಸ್ತಿ. ಡ್ರಾಫ್ಟನ್ನ ನಿಮ್ಮದೇ ಮೇಲಿಗೆ ಒಂದು ಸಲ ಕಳಿಸಿಟ್ರೂ ತಾರೀಖಿಗೊಂದು ಸಾಕ್ಷಿ ಇರುತ್ತೆ. ಕಾಪಿರೈಟ್ ಆಫೀಸಲ್ಲಿ ರಿಜಿಸ್ಟರ್ ಮಾಡಿಸೋದು ಕಡ್ಡಾಯ ಅಲ್ಲ, ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು. ಆದ್ರೂ ಮುಖ್ಯವಾದ ಕೃತಿಗೆ ಮಾಡಿಸಿಟ್ಕೊಂಡ್ರೆ ಜಗಳ ಬಂದಾಗ ಮೇಲ್ನೋಟದ ಸಾಕ್ಷಿ ಆಗುತ್ತೆ, ಸಾಹಿತ್ಯಕ್ಕೆ ಫೀಸು 500 ರೂಪಾಯಿ, ಆನ್‌ಲೈನಲ್ಲೇ ಹಾಕಬಹುದು.

ಈಗ ಮುಖ್ಯ ವಿಷಯ, ವಸೂಲಿ. ಊರೂರು ಸುತ್ತಿ ಯಾವ ಹೋಟೆಲಲ್ಲಿ ನಿಮ್ಮ ಹಾಡು ಹಾಕಿದ್ರು ಅಂತ ನೀವು ಲೆಕ್ಕ ಇಡೋಕಾಗಲ್ಲ, ಅದಕ್ಕೇ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ ಇರೋದು, ಎಲ್ರೂ ಐಪಿಆರ್‌ಎಸ್ ಅಂತಾರೆ. 1969ರಲ್ಲಿ ಶುರುವಾಗಿದ್ದು, ಹೆಡ್ ಆಫೀಸ್ ಮುಂಬೈ, 2012ರ ತಿದ್ದುಪಡಿ ಆದ್ಮೇಲೆ ಹೊಸ ನಿಯಮದ ಪ್ರಕಾರ 2017ರಲ್ಲಿ ಮತ್ತೆ ನೋಂದಣಿ ಆಯ್ತು. ಸಾಹಿತಿ, ಸಂಗೀತ ನಿರ್ದೇಶಕರು, ಮ್ಯೂಸಿಕ್ ಕಂಪನಿಗಳು ಇದರ ಸದಸ್ಯರು. ಗಾಯಕರಿಗೆ ಬೇರೆ ಸೊಸೈಟಿ ಇದೆ, ಮೊದಲು ಇಸ್ರಾ ಅಂತಿತ್ತು, ಈಗ ಇಸಾಮ್ರಾ, ಅದು ನಿಮಗೆ ಸಂಬಂಧ ಇಲ್ಲ. ಮೆಂಬರ್ ಆಗೋದು ಆನ್‌ಲೈನಲ್ಲೇ, ಪಾನ್, ಬ್ಯಾಂಕ್ ವಿವರ, ರಿಲೀಸ್ ಆದ ಹಾಡಿನ ವಿವರ ಕೇಳ್ತಾರೆ. ಮೆಂಬರ್ ಆದ್ಮೇಲೆ ಸುಮ್ನೆ ಕೂರಬೇಡಿ, ಅಲ್ಲೇ ಎಲ್ರೂ ಎಡವೋದು. ನಿಮ್ಮ ಒಂದೊಂದು ಹಾಡನ್ನೂ ನಿಮ್ಮ ಹೆಸರಲ್ಲಿ ದಾಖಲು ಮಾಡ್ಬೇಕು, ಇಷ್ಟರಲ್ಲಿ ಲೇಬಲ್‌ನವರೇ ದಾಖಲು ಮಾಡಿದ್ರೆ ಏನಂತ ಮಾಡಿದ್ದಾರೆ ಅಂತ ತೆಗೆದು ನೋಡ್ಬೇಕು.

ನಾನು ನೋಡಿದ ಒಂದು ಕೇಸ್ ಹೇಳ್ತೀನಿ. ಒಬ್ಬ ಸಾಹಿತಿ, ಮೆಂಬರ್ ಆಗಿ ಸುಮಾರು ದಿನ ಆಗಿದೆ, ಹಾಡು ಹಿಟ್ಟು, ಸೊಸೈಟಿ ಕಳಿಸೋ ರಾಯಲ್ಟಿ ಸ್ಟೇಟ್‌ಮೆಂಟಲ್ಲಿ ಮಾತ್ರ ಆ ಹಾಡೇ ಇಲ್ಲ. ಕೂತು ಹುಡುಕಿದ್ರೆ ಅದೇ ಹಾಡು ಮೂರು ಕಡೆ ಇತ್ತು. ಒಂದು ಕಡೆ ಪಲ್ಲವಿಯ ಮೊದಲ ಎರಡು ಪದ ಶೀರ್ಷಿಕೆ, ಇನ್ನೊಂದು ಕಡೆ ಸಿನಿಮಾ ಹೆಸರು ಸೇರಿಸಿದ ಶೀರ್ಷಿಕೆ, ಮತ್ತೊಂದು ಕಡೆ ಇಂಗ್ಲಿಷ್ ಸ್ಪೆಲ್ಲಿಂಗೇ ಬೇರೆ, ದೀರ್ಘಕ್ಕೆ ಒಬ್ರು ಒಂದು ಎ ಹಾಕಿದ್ರೆ ಇನ್ನೊಬ್ರು ಎರಡು ಎ ಹಾಕಿದ್ರು. ಒಂದರಲ್ಲಿ ಸಾಹಿತಿ ಕಾಲಂ ಖಾಲಿ, ಇನ್ನೊಂದರಲ್ಲಿ ನಿರ್ದೇಶಕರ ಹೆಸರು, ಯಾಕಂದ್ರೆ ಅವರು ರೆಕಾರ್ಡಿಂಗ್ ದಿನ ಎರಡನೇ ಚರಣದಲ್ಲಿ ಒಂದು ಸಾಲು ಬದಲಾಯಿಸಿದ್ರಂತೆ. ಮೂರನೇದರಲ್ಲಿ ಇವರ ಹೆಸರೇ ಇತ್ತು, ಆದ್ರೆ ಇನಿಷಿಯಲ್ ಹಿಂದೆ ಮುಂದೆ ಆಗಿ ಬೇರೆ ಯಾರೋ ಅನ್ನೋ ಹಾಗೆ ಕೂತಿತ್ತು. ಇದರಲ್ಲಿ ಮೋಸ ಅಂತ ಹೇಳೋಕಾಗೋದು ಆ ನಿರ್ದೇಶಕರದ್ದೊಂದೇ, ಮಿಕ್ಕಿದ್ದೆಲ್ಲಾ ಡೇಟಾ ಎಂಟ್ರಿ. ಹಾಡಿಗೆ, ಬರೆದವರಿಗೆ ಅಂತ ಅಂತರರಾಷ್ಟ್ರೀಯ ನಂಬರುಗಳಿವೆ, ಹಾಡಿಗೆ ಐಎಸ್‌ಡಬ್ಲ್ಯುಸಿ, ನಿಮಗೆ ಐಪಿಐ, ರೆಕಾರ್ಡಿಂಗಿಗೆ ಐಎಸ್‌ಆರ್‌ಸಿ. ಈ ಮೂರೂ ಒಂದಕ್ಕೊಂದು ಸರಿಯಾಗಿ ಜೋಡಣೆ ಆದ್ರೆ ಮಾತ್ರ ದುಬೈಯಲ್ಲೋ ಡಲ್ಲಾಸಲ್ಲೋ ಕನ್ನಡದವರು ಕೇಳಿದ್ದಕ್ಕೂ ಲೆಕ್ಕ ನಿಮ್ಮ ತನಕ ಬರೋದು. ಹಾಗಾಗಿ ನಿಮ್ಮ ಹೆಸರಿಗೆ ಒಂದೇ ಸ್ಪೆಲ್ಲಿಂಗ್ ಇಟ್ಕೊಳಿ, ಪಾನ್ ಕಾರ್ಡಲ್ಲಿರೋದೇ ಇರಲಿ, ಕಾವ್ಯನಾಮ ಇದ್ರೆ ಅದನ್ನೂ ಸೊಸೈಟಿಗೆ ಕೊಡಿ. ದುಡ್ಡು ವರ್ಷಗಟ್ಟಲೆ ವಾರಸುದಾರರಿಲ್ಲದೆ ಬಿದ್ದಿರಲ್ಲ, ತಡ ಮಾಡಿದಷ್ಟೂ ಹಳೇದು ಕೈತಪ್ಪುತ್ತೆ.

ಆಪಲ್ಲಿ ಹೆಸರಿಲ್ಲ ಅನ್ನೋದು ಬೇರೆ ಹಕ್ಕು. ಕಾಪಿರೈಟ್ ಪೂರ್ತಿ ಬರೆದುಕೊಟ್ಟಿದ್ರೂ ಇದನ್ನ ಬರೆದವನು ನಾನು ಅಂತ ಹೇಳ್ಕೊಳ್ಳೋ ಹಕ್ಕು, ಮಾನಕ್ಕೆ ಕುಂದು ಬರೋ ಹಾಗೆ ತಿರುಚಿದ್ರೆ ತಡೆಯೋ ಹಕ್ಕು ನಿಮ್ಮ ಹತ್ರಾನೇ ಉಳಿಯುತ್ತೆ, 57ನೇ ಸೆಕ್ಷನ್. ಲೇಬಲ್‌ನವರಿಗೆ ಒಂದು ಮೇಲ್ ಹಾಕಿ, ಹಾಡಿನ ಲಿಂಕ್, ಟೈಟಲ್ ಕಾರ್ಡಲ್ಲಿ ನಿಮ್ಮ ಹೆಸರು ಬಂದ ಫೋಟೋ ಅಂಟಿಸಿ, ಮೆಟಾಡೇಟಾದಲ್ಲಿ, ಅಂದ್ರೆ ಹಾಡಿನ ಜೊತೆ ಆಪಿಗೆ ಕೊಡೋ ವಿವರದಲ್ಲಿ, ಸಾಹಿತಿ ಹೆಸರು ಸೇರಿಸಿ ಅಂತ ಕೇಳಿ. ಬಹಳಷ್ಟು ಸಲ ಇದು ಜಗಳ ಇಲ್ಲದೆ ಆಗುತ್ತೆ, ಅವರಿಗೂ ಅದು ಐದು ನಿಮಿಷದ ಕೆಲಸ.

ಯೂಟ್ಯೂಬ್ ಕ್ಲೈಮ್ ಬಗ್ಗೆ ಸ್ವಲ್ಪ ತಾಳ್ಮೆ ಬೇಕು. ಲೇಬಲ್ಲು ತನ್ನ ಆಡಿಯೋವನ್ನ ಹಾಡು ಗುರುತು ಹಿಡಿಯೋ ಯೂಟ್ಯೂಬಿನ ವ್ಯವಸ್ಥೆ ಕಂಟೆಂಟ್ ಐಡಿಗೆ ಕೊಟ್ಟಿರುತ್ತೆ, ನೀವು ಅದೇ ಟ್ರ್ಯಾಕ್ ಮೇಲೆ ಹಾಡಿದ್ರೆ ಮಷೀನು ಹಿಡಿಯುತ್ತೆ, ಮಷೀನಿಗೆ ನೀವೇ ಬರೆದಿದ್ದು ಅಂತ ಗೊತ್ತಾಗಲ್ಲ. ಮತ್ತೆ ನೀವು ಬರೆದದ್ದು ಸಾಹಿತ್ಯ, ಟ್ಯೂನೂ ಟ್ರ್ಯಾಕೂ ನಿಮ್ಮದಲ್ಲ, ಹಾಗಾಗಿ ಕ್ಲೈಮ್ ಪೂರ್ತಿ ತಪ್ಪೂ ಅಲ್ಲ. ಸಿಟ್ಟಲ್ಲಿ ಡಿಸ್ಪ್ಯೂಟ್ ಹಾಕಿ, ತಿರಸ್ಕಾರ ಆದ್ರೆ ಅಪೀಲ್ ಹಾಕಿ, ಕೊನೆಗೆ ಅದು ಸ್ಟ್ರೈಕ್, ಅಂದ್ರೆ ಚಾನೆಲ್ ಮೇಲಿನ ಕಾಪಿರೈಟ್ ಎಚ್ಚರಿಕೆ ಆಗಿ ಕೂತ್ರೆ ನಿಮಗೇ ಕಷ್ಟ, ತೊಂಬತ್ತು ದಿನದೊಳಗೆ ಮೂರು ಸ್ಟ್ರೈಕ್ ಬಿದ್ರೆ ಚಾನೆಲ್ಲೇ ಹೋಗಬಹುದು. ವೀಡಿಯೋ ಉಳಿದು ಜಾಹೀರಾತಿನ ದುಡ್ಡು ಮಾತ್ರ ಅವರಿಗೆ ಹೋಗ್ತಿದ್ರೆ ಹೋಗಲಿ ಬಿಡಿ, ಸಾಹಿತ್ಯದ ಪಾಲನ್ನ ಸೊಸೈಟಿ ಕಡೆಯಿಂದ ಕೇಳೋಣ.

ಮುಂದಿನ ಕಾಂಟ್ರಾಕ್ಟಿಗೆ ಸೈನ್ ಹಾಕೋಕೆ ಮೊದಲೇ ಸೊಸೈಟಿ ಮೆಂಬರ್ ಆಗಿಬಿಡಿ, ಈ ಕ್ರಮ ತುಂಬಾ ಮುಖ್ಯ. ಮೆಂಬರ್ ಆಗೋವಾಗ ಕೆಲವು ಹಕ್ಕನ್ನ ಸೊಸೈಟಿಗೆ ಬರೆದುಕೊಟ್ಟಿರ್ತೀರಿ, ಆಮೇಲೆ ಅದೇ ಹಕ್ಕನ್ನ ನಿರ್ಮಾಪಕರಿಗೆ ಕೊಡ್ತೀನಿ ಅಂತ ಸೈನ್ ಮಾಡಿದ್ರೂ ಅಷ್ಟರಮಟ್ಟಿಗೆ ಅದು ನಡೆಯಲ್ಲ, 19ನೇ ಸೆಕ್ಷನಲ್ಲಿ ಸ್ಪಷ್ಟವಾಗಿದೆ. ಹೊಸಬರಿಗೆ ಇದರ ಲಾಭ ಏನು ಅಂದ್ರೆ ನಿರ್ಮಾಪಕರ ಎದುರು ಕೂತು ರಾಯಲ್ಟಿ ರಾಯಲ್ಟಿ ಅಂತ ಜಗಳ ಆಡಬೇಕಿಲ್ಲ, ನಾನು ಐಪಿಆರ್‌ಎಸ್ ಮೆಂಬರ್ ಸರ್ ಅಂದ್ರೆ ಸಾಕು. ಜಗಳ ಆಡಿದ ಹುಡುಗನಿಗೆ ಮುಂದಿನ ಸಿನಿಮಾ ಸಿಗಲ್ಲ ಅನ್ನೋದು ಗಾಂಧಿನಗರದಲ್ಲಿ ಎಲ್ರಿಗೂ ಗೊತ್ತು, ಕಾನೂನು ಪುಸ್ತಕದಲ್ಲಿ ಅದನ್ನ ಬರೆದಿಲ್ಲ ಅಷ್ಟೇ. ಕಾಂಟ್ರಾಕ್ಟಲ್ಲಿ "ಸೆಕ್ಷನ್ 18 ಮತ್ತು 19ರ ಪ್ರಕಾರ ಬರೋ ರಾಯಲ್ಟಿ ಸಾಹಿತಿಗೆ ಉಳಿದಿರುತ್ತದೆ" ಅಂತ ಒಂದು ಸಾಲು ಹಾಕಿಸಿ, ಟೈಟಲ್ ಕಾರ್ಡಲ್ಲೂ ಆಪಲ್ಲೂ ಹೆಸರು ಹಾಕೋ ಸಾಲು ಹಾಕಿಸಿ, ನಿರ್ದೇಶಕರೋ ಸಂಗೀತ ನಿರ್ದೇಶಕರೋ ಒಂದೆರಡು ಪದ ತಿದ್ದಿದ್ರೆ ಸಾಹಿತ್ಯದ ಪಾಲಲ್ಲಿ ಭಾಗ ಇಲ್ಲ ಅಂತ ಹಾಕಿಸಿ. ಎಲ್ಲಕ್ಕಿಂತ ಮೊದಲು ಸೈನ್ ಆದ ಕಾಪಿ ಒಂದು ನಿಮ್ಮ ಕೈಗೆ ಬರಲಿ. ಕಳಿಸ್ತೀನಿ ಅಂದವರು ಕಳಿಸಲ್ಲ, ಅಲ್ಲೇ ಫೋಟೋ ಹೊಡ್ಕೊಳಿ.

ನೀವೇ ಹಾಡು ಮಾಡಿಸಿ ರಿಲೀಸ್ ಮಾಡೋ ಯೋಚನೆ ಇದ್ರೆ ಒಂದು ಎಚ್ಚರಿಕೆ. ಡಿಸ್ಟ್ರಿಬ್ಯೂಟರ್ ಕಂಪನಿಗಳು ಆಪ್‌ಗಳಿಗೆ ಹಾಡು ಏರಿಸಿ ತಿಂಗಳಿಗೊಮ್ಮೆ ಕೊಡೋ ದುಡ್ಡು ಸಾಮಾನ್ಯವಾಗಿ ರೆಕಾರ್ಡಿಂಗ್ ಲೆಕ್ಕದ್ದು ಮಾತ್ರ. ಸಾಹಿತ್ಯ ಮತ್ತು ಟ್ಯೂನಿನ ದುಡ್ಡು ಬೇರೆ ಕಡೆಯಿಂದ ಬರ್ಬೇಕು, ಅದಕ್ಕೂ ಸೊಸೈಟೀಲಿ ಹಾಡು ದಾಖಲಾಗಿರಬೇಕು. ಎಲ್ಲಾ ಇಲ್ಲೇ ಬಂತು ಅಂದ್ಕೊಂಡು ಅರ್ಧ ಬಿಟ್ಟವರು ಎಷ್ಟೋ ಜನ.

ರೇಡಿಯೋ ಬಗ್ಗೆ ಹೊಸದಾಗಿ ಒಳ್ಳೇದೇ ಆಗಿದೆ. ರೆಕಾರ್ಡಿಂಗಿಗೆ ದುಡ್ಡು ಕಟ್ಟಿದ ಮೇಲೆ ಸಾಹಿತಿಗೆ ಬೇರೆ ಯಾಕೆ ಅಂತ ಎಫ್‌ಎಂನವರು ವರ್ಷಗಟ್ಟಲೆ ವಾದ ಮಾಡಿದ್ರು, 2023ರ ಏಪ್ರಿಲಲ್ಲಿ ಬಾಂಬೆ ಹೈಕೋರ್ಟು, 2012ರ ತಿದ್ದುಪಡಿ ಆದ್ಮೇಲೆ ಹಾಡು ರೇಡಿಯೋದಲ್ಲಿ ಓಡಿದಾಗಲೂ ಬರೆದವರಿಗೆ ರಾಯಲ್ಟಿ ಕೊಡಬೇಕು ಅಂತ ಹೇಳ್ತು. ಮದುವೆ ಮನೆ, ಮೆರವಣಿಗೆಯಲ್ಲಿ ಓಡೋ ಹಾಡಿಗೆ ಮಾತ್ರ ಕೇಳೋ ಹಾಗಿಲ್ಲ, ಕಾಯ್ದೆಯೇ ವಿನಾಯ್ತಿ ಕೊಟ್ಟಿದೆ. ನನಗೇನೋ ಅದು ಸರಿ ಅನ್ಸುತ್ತೆ, ಬ್ಯಾಂಡ್ ಸೆಟ್‌ನವರ ಹತ್ರ ಲೈಸೆನ್ಸ್ ಕೇಳೋ ಪರಿಸ್ಥಿತಿ ಬರಬಾರದು.

ಇನ್ನೊಂದು, ನೀವು ಕೇಳಿಲ್ಲ, ಆದ್ರೆ ಭಾವಗೀತೆ ಮಾಡೋರು ಯಾವಾಗ್ಲೂ ಎಡವೋ ಜಾಗ. ಹಳೇ ಕವಿಗಳ ಕವನ ತಾನೇ ಅಂತ ಕೇಳದೆ ಟ್ಯೂನ್ ಮಾಡಿ ಏರಿಸ್ತಾರೆ. ಕವಿ ತೀರಿಕೊಂಡ ವರ್ಷದ ಮಾರನೇ ಜನವರಿಯಿಂದ ಅರವತ್ತು ವರ್ಷ ಲೆಕ್ಕ. ಬೇಂದ್ರೆಯವರು 1981ರಲ್ಲಿ ತೀರಿಕೊಂಡ್ರು, ಅವರ ಕವನಗಳಿಗೆ 2041ರ ಕೊನೇ ತನಕ ರಕ್ಷಣೆ ಇದೆ. ಕುವೆಂಪು 1994, ಅಂದ್ರೆ 2054ರ ತನಕ. ನಿಸಾರ್ ಅಹಮದ್ ಅವರದ್ದು 2080ರ ತನಕ. ಶಿಶುನಾಳ ಷರೀಫರ ತತ್ವಪದ, ದಾಸರ ಪದ, ವಚನ ಯಾರು ಬೇಕಾದ್ರೂ ಹಾಡಬಹುದು, ಆದ್ರೆ ಇನ್ನೊಬ್ಬರು ಇತ್ತೀಚೆಗೆ ಹಾಕಿದ ಟ್ಯೂನ್ ಎತ್ತೋ ಹಾಗಿಲ್ಲ.

ಎಐ ವಿಷಯ. ನಿಮ್ಮ ಸಾಹಿತ್ಯವನ್ನ ಯಾರೋ ಆಪಿಗೆ ಹಾಕಿ ಹೊಸ ಟ್ಯೂನಲ್ಲಿ ಹಾಡಿಸಿ ಬಿಟ್ರೆ ಅದು ಹಳೇ ಕಾಲದ ಕದಿಯೋದೇ, ಹಾಡಿದ್ದು ಮನುಷ್ಯನೋ ಮಷೀನೋ ಅನ್ನೋದರಿಂದ ವ್ಯತ್ಯಾಸ ಇಲ್ಲ, ಧಾರಾಳವಾಗಿ ತೆಗೆಸಬಹುದು. ಕಷ್ಟ ಇರೋದು ಲಕ್ಷಾಂತರ ಹಾಡು ಓದಿಸಿ ಮಷೀನನ್ನ ತಯಾರು ಮಾಡಿದ್ದಾರಲ್ಲ, ಅಲ್ಲಿ. 2024ರ ಜೂನಲ್ಲಿ ಅಮೆರಿಕದ ದೊಡ್ಡ ಲೇಬಲ್ಲುಗಳು ಎಐಯಿಂದ ಹಾಡು ಮಾಡಿಕೊಡೋ ಸುನೋ, ಯುಡಿಯೋ ಕಂಪನಿಗಳ ಮೇಲೆ ಕೇಸು ಹಾಕಿದ್ವು. 2025ರ ನವೆಂಬರಲ್ಲಿ ಜರ್ಮನಿಯ ಮ್ಯೂನಿಕ್ ಕೋರ್ಟು, ಅಲ್ಲಿನ ಗೇಮಾ ಅನ್ನೋ ಸೊಸೈಟಿ ಹಾಕಿದ ಕೇಸಲ್ಲಿ, ಹಾಡಿನ ಸಾಹಿತ್ಯ ಬಳಸಿದ್ದಕ್ಕೆ ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿ ವಿರುದ್ಧ ತೀರ್ಪು ಕೊಡ್ತು. ಅದು ಸಾಹಿತಿಗಳ ಸೊಸೈಟಿ ಗೆದ್ದ ಕೇಸು ಅನ್ನೋದನ್ನ ನೋಡಿ, ಒಬ್ಬೊಬ್ಬರೇ ಹೋಗಿದ್ರೆ ಬಾಗಿಲಲ್ಲೇ ನಿಲ್ಲಿಸ್ತಿದ್ರು. ನಮ್ಮಲ್ಲಿ ಈ ಪ್ರಶ್ನೆ ಇನ್ನೂ ಇತ್ಯರ್ಥ ಆಗಿಲ್ಲ. ಸದ್ಯಕ್ಕೆ ಹೊಸ ಕಾಂಟ್ರಾಕ್ಟಲ್ಲಿ "ಎಲ್ಲಾ ತಂತ್ರಜ್ಞಾನ, ಎಲ್ಲಾ ರೂಪ" ಅನ್ನೋ ಮಾತಿದ್ರೆ ಅದರ ಪಕ್ಕದಲ್ಲೇ ಎಐ ತರಬೇತಿಗೆ ನನ್ನ ಲಿಖಿತ ಒಪ್ಪಿಗೆ ಬೇಕು ಅಂತ ಸೇರಿಸಿ. ನೀವೂ ಪೂರ್ತಿ ಆಪಲ್ಲೇ ಬರೆಸಿದ ಸಾಲನ್ನ ನಿಮ್ಮ ಹೆಸರಲ್ಲಿ ದಾಖಲು ಮಾಡಬೇಡಿ, ನಾಳೆ ಪ್ರಶ್ನೆ ಬಂದ್ರೆ ನಿಮ್ಮ ಸ್ವಂತ ಹಾಡುಗಳ ಮೇಲೂ ಅನುಮಾನ ಬೀಳುತ್ತೆ.

ಇಷ್ಟಾದ್ರೂ ಕಂಪನಿ ಜಗ್ಗಲಿಲ್ಲ ಅಂದ್ರೆ, ಮೊದಲು ಲಾಯರ್ ಕಡೆಯಿಂದ ಒಂದು ನೋಟಿಸು, ಸಿನಿಮಾ ಆದ್ರೆ ಬೆಂಗಳೂರಿನ ಚಲನಚಿತ್ರ ವಾಣಿಜ್ಯ ಮಂಡಳಿಗೂ ಒಂದು ದೂರು, ಅಲ್ಲಿ ಕೂತು ಮಾತಾಡಿ ಮುಗಿಸಿದ್ದು ಎಷ್ಟೋ ಇದೆ. ಕೋರ್ಟಿಗೆ ಹೋಗೋದೇ ಆದ್ರೆ ಬೆಂಗಳೂರು ಮುಂಬೈಗೆ ಅಲೀಬೇಕು ಅಂತಿಲ್ಲ, ಕಾಪಿರೈಟ್ ಕೇಸನ್ನ ಬರೆದವರು ತಾವು ವಾಸ ಇರೋ ಊರಿನ ಜಿಲ್ಲಾ ಕೋರ್ಟಲ್ಲೇ ಹಾಕಬಹುದು, 62ನೇ ಸೆಕ್ಷನ್, ನಿಮಗೆ ದಾವಣಗೆರೆಯಲ್ಲೇ ಆಗುತ್ತೆ. ಉಲ್ಲಂಘನೆ ಆದಾಗಿನಿಂದ ಮೂರು ವರ್ಷದೊಳಗೆ ಹಾಕಬೇಕು ಅನ್ನೋದು ಮಾತ್ರ ತಲೇಲಿರಲಿ, ಅದಕ್ಕೇ ಕಂಪನಿಯವರ ಜೊತೆ ಏನೇ ಮಾತಾಡಿದ್ರೂ ಫೋನಲ್ಲಿ ಮುಗಿಸಬೇಡಿ, ಸಂಜೆ ಅದನ್ನೇ ಮೇಲಲ್ಲಿ ಬರೆದು ಹಾಕಿ.